ಟವೆಲ್ ಕೆಳಗಿನ ಐದು ಬೆರಳು

ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬನೂ ಸುಳ್ಳು ಸಹಿ ಹಾಕುವವನಲ್ಲ ಎಂಬ ಸಂಗತಿ ನನಗೆ ಗೊತ್ತಾದದ್ದು ಹಾಲೆಂಡಿನಿಂದ ಬಂದ ಅತಿಥಿಯ ಎದುರಿಗೆ. ಗೊತ್ತಾಗಿ ಖುಷಿಪಡುವ ಬದಲು ನನಗೆ ಮೈಯೆಲ್ಲ ಉರಿದುಹೋಯಿತು.

ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ಹಾವೇರಿ ಇನ್ನೂ ಜಿಲ್ಲೆಯಾಗಿರಲಿಲ್ಲ, ಎಲ್ಲದಕ್ಕೂ ಧಾರವಾಡದ ದಾರಿಯನ್ನೇ ಹಿಡಿಯಬೇಕಿತ್ತು. ನಾನು ರಾಣೇಬೆನ್ನೂರಿನ ಪಾಲಿಟೆಕ್ನಿಕ್ ಒಂದರಲ್ಲಿ ಸಿವಿಲ್ ವಿಭಾಗದ ಉಪನ್ಯಾಸಕಿ. ಹಾಲೆಂಡಿನ ಒಂದು ತಾಂತ್ರಿಕ ಕಾಲೇಜೂ ನಮ್ಮ ಸುತ್ತಿನ ಕಾಲೇಜುಗಳೂ ಕೂಡಿ, ಎಂಜಿನಿಯರ್ ಆಗುವವರಿಗೆ ನೀತಿ ಕಲಿಸುವ ಪಾಠಗಳನ್ನು ತಯಾರಿಸಬೇಕು ಎಂಬ ಯೋಜನೆಗಾಗಿ ನಾನು ಪತ್ರ ಬರೆದೂ ಬರೆದೂ ಸಾಕಾಗಿದ್ದೆ. ಕೊನೆಗೆ ಅಲ್ಲಿಂದ ಒಬ್ಬರು ಬಂದೇಬಿಟ್ಟರು. ಮೊದಲು ಸೇತುವೆ ಕಟ್ಟಿಸುತ್ತಿದ್ದವರು, ಆಮೇಲೆ ಪಾಠಕ್ಕೆ ಬಂದವರು. ಎತ್ತರದ ಆಳು, ಕತ್ತರಿಸಿದ ಕೂದಲು, ದೊಡ್ಡ ಹೆಜ್ಜೆ. ನಮ್ಮ ಹುಡುಗರು ಅವರಿಗೆ ‘ಫಾರಿನ್ ಮೇಡಂ’ ಎಂದು ಹೆಸರಿಟ್ಟರು.

ಅವರ ಕಾಲೇಜಿನದು ಒಂದೇ ಷರತ್ತು. ಕನಿಷ್ಠ ಮೂರು ಕಾಲೇಜುಗಳು, ಇಲ್ಲವೇ ತರಬೇತಿ ಕೇಂದ್ರಗಳು, ತಮ್ಮ ವೇಳಾಪಟ್ಟಿಯಲ್ಲಿ ಈ ಪಾಠಕ್ಕೆ ವಾರಕ್ಕೊಂದು ತಾಸು ಕೊಡಬೇಕು. ಕೊಟ್ಟರೆ ಯೋಜನೆ ಮುಂದೆ ಸಾಗುತ್ತದೆ, ಇಲ್ಲದಿದ್ದರೆ ಒಂದು ವರದಿ ಬರೆದು ಕೈ ತೊಳೆದುಕೊಳ್ಳುವುದು.

ಆ ತಾಸು ನನಗೆ ಬೇಕಿತ್ತು. ಹಟಕ್ಕೆ ಬಿದ್ದು ಬೇಕಿತ್ತು. ಕಾಂಕ್ರೀಟಿನ ಕ್ಯೂಬನ್ನು ನೀರಲ್ಲಿ ಮುಳುಗಿಸಿಟ್ಟು, ತೆಗೆದು, ಮಷಿನ್ನಿಗೆ ಕೊಟ್ಟು ಒಡೆದು, ಎಷ್ಟು ಭಾರ ತಡೆಯಿತು ಎಂದು ನೋಡುವುದನ್ನು ನಾನು ವರ್ಷಾ ವರ್ಷಾ ಕಲಿಸುತ್ತಿದ್ದೆ. ಕಲಿತವರು ಸೈಟಿಗೆ ಹೋಗಿ ದೀಪಾವಳಿಗೆ ಊರಿಗೆ ಬಂದಾಗ ಸಿಕ್ಕರೆ, “ಮೇಡಂ, ನೀವು ಕಲಿಸಿದ್ದು ಅಲ್ಲೆ ನಡಿಯಂಗಿಲ್ರಿ” ಎಂದು ನಗುತ್ತಿದ್ದರು. ಕ್ಯೂಬ್ ಒಡೆಯುವುದನ್ನು ಕಲಿಸಲು ನನಗೆ ಬೇಕಾದಷ್ಟು ಪೀರಿಯಡ್‌ ಇದ್ದವು. ಒಡೆದ ಮೇಲೆ ಏನು ಮಾಡಬೇಕು ಎಂದು ಮಾತಾಡಲು ಒಂದೂ ಇರಲಿಲ್ಲ.

ಹಾಗಾಗಿ ಮೊದಲ ಪ್ರಯೋಗದ ಪಾಠ ನಮ್ಮ ಕೊನೆಯ ವರ್ಷದ ತರಗತಿಯಲ್ಲೇ ನಡೆಯಿತು. ಅತಿಥಿ ತಮ್ಮ ದೇಶದ ಸೇತುವೆಯ ಪ್ರಸಂಗ ತಂದಿದ್ದರು. ನಾನು ಅದನ್ನು ಬದಲಿಸಿ ನಮ್ಮ ಕಡೆಯ ಹಳ್ಳಿಯೊಂದರ ನೀರಿನ ಟ್ಯಾಂಕ್ ಮಾಡಿದೆ. ಕುಪ್ಪೇಲೂರಿನಂಥ ಊರು ಅಂದುಕೊಳ್ಳಿ ಎಂದೆ. ಕಂಬಗಳು ಎದ್ದು ನಿಂತಿವೆ. ಅವುಗಳದೇ ಕಾಂಕ್ರೀಟಿನ ಕ್ಯೂಬು ಪರೀಕ್ಷೆಯಲ್ಲಿ ಸೋತಿದೆ. ಉದ್ಘಾಟನೆಗೆ ದಿನ ಗೊತ್ತಾಗಿದೆ. ಮೇಲಿನ ಸಾಹೇಬರು, ‘ಪಾಸಾಗಿದೆ ಅಂತ ಸಹಿ ಹಾಕಿ ಕಳಿಸು’ ಅನ್ನುತ್ತಿದ್ದಾರೆ. ನೌಕರಿ ಹೊಸದು, ಇನ್ನೂ ಕಾಯಂ ಆಗಿಲ್ಲ. ಸಹಿ ಹಾಕುತ್ತೀರೋ ಇಲ್ಲವೋ?

“ಹಾಕಂಗಿಲ್ರಿ!” ಇಡೀ ತರಗತಿ ಒಂದೇ ಉಸುರಿಗೆ ಕೂಗಿತು. ಮಗ್ಗಿ ಒಪ್ಪಿಸಿದ ಹಾಗೆ.

ಯಾಕೆ ಎಂದು ಕೇಳಿದೆ. ಒಬ್ಬ ಎದ್ದು ನಿಂತು, “ಎಂಜಿನಿಯರ್ ಅಂದ್ರ ದೇಶದ ಬೆನ್ನೆಲುಬು ರೀ” ಎಂದು ಕುಳಿತ. ಇನ್ನು ಯಾರಾದರೂ? ಯಾರೂ ಇಲ್ಲ. ಮುಕ್ಕಾಲು ತಾಸು ಉಳಿದಿತ್ತು, ಪಾಠ ಮುಗಿದುಹೋಗಿತ್ತು. ಹಿಂದಿನ ಬೆಂಚಿನಲ್ಲಿ ಕೂತಿದ್ದ ನಮ್ಮ ಪ್ರಿನ್ಸಿಪಾಲರು ಗಡಿಯಾರ ನೋಡಿಕೊಂಡು ಎದ್ದು ಹೋದರು. ಅವರು ಎಸ್ಟಿಮೇಟಿಂಗ್ ವಿಷಯದ ಹಳೆಯ ಹುಲಿ, ಮಾತು ಕಡಿಮೆ, ‘ಸಿಲಬಸ್ ಮುಗ್ಯಾಂಗಿಲ್ಲ’ ಎಂಬುದೊಂದೇ ಅವರ ಮಂತ್ರ.

ಅತಿಥಿ ಹೊರಗೆ ಬಂದು ಇಂಗ್ಲಿಷಿನಲ್ಲಿ ಹೇಳಿದ್ದರ ಅರ್ಥ ಇಷ್ಟು: “ಇವರೆಲ್ಲ ಇಷ್ಟು ಒಳ್ಳೆಯವರಾದರೆ ನಾನು ಬಂದದ್ದೇ ದಂಡ. ಆದರೆ ಇವರು ಉತ್ತರ ಹೇಳಿದ್ದು ನನ್ನ ಪ್ರಶ್ನೆಗಲ್ಲ, ನಿಮ್ಮ ಮುಖಕ್ಕೆ.”

ಮಾತು ಚುಚ್ಚಿತು, ಖರೆ. ಆದರೆ ಆ ಚುಚ್ಚಿನಲ್ಲೇ ದಾರಿ ಕಂಡಿತು. ಮುಖ ಕಾಣದ ಹಾಗೆ ಕೇಳಬೇಕು! ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಮಾಡುವುದೇ ಅದಲ್ಲವೆ? ಖರೀದಿದಾರರು ರಾಶಿ ನೋಡಿ ತಮ್ಮ ತಮ್ಮ ದರವನ್ನು ಚೀಟಿಯಲ್ಲಿ ಬರೆದು ಹಾಕುತ್ತಾರೆ, ಒಬ್ಬರದು ಒಬ್ಬರಿಗೆ ತಿಳಿಯುವುದಿಲ್ಲ. ಎರಡನೇ ಪ್ರಯೋಗ ಬ್ಯಾಡಗಿಯ ತಾಂತ್ರಿಕ ತರಬೇತಿ ಕೇಂದ್ರದಲ್ಲೇ ಇತ್ತು. ಅತಿಥಿಯನ್ನು ಮೊದಲು ಪೇಟೆಗೆ ಕರೆದುಕೊಂಡು ಹೋಗಿ ಚೀಟಿ ಪದ್ಧತಿ ತೋರಿಸಿದೆ. ಅವರು ಸೀನಿ ಸೀನಿ ಕಣ್ಣು ಕೆಂಪು ಮಾಡಿಕೊಂಡು, “ಇದೇ ಸರಿ, ಇದೇ ಸರಿ” ಎನ್ನುತ್ತಾ ನಡೆದರು. ಇಬ್ಬರಿಗೂ ಹುರುಪೋ ಹುರುಪು.

ಕೇಂದ್ರದಲ್ಲಿ ಚೀಟಿ ಹಂಚಿದೆವು. ಹೆಸರು ಬೇಡ, ನಿಮ್ಮ ಮನಸ್ಸಿನಲ್ಲಿರುವುದನ್ನು ಮಾತ್ರ ಬರೆಯಿರಿ ಎಂದು ಎರಡೆರಡು ಸಲ ಹೇಳಿದೆ. ಡಬ್ಬಿ ತುಂಬಿತು. ಬಿಚ್ಚಿ ನೋಡಿದರೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಹಳಷ್ಟು ಚೀಟಿಗಳ ಬಲತುದಿಯಲ್ಲಿ ರಜಿಸ್ಟರ್ ನಂಬರು! ಹುಟ್ಟಿದಾಗಿನಿಂದ ನಂಬರಿಲ್ಲದೆ ಮಾಸ್ತರರ ಕೈಗೆ ಕಾಗದ ಕೊಟ್ಟು ಗೊತ್ತಿಲ್ಲದ ಕೈಗಳು ಅವು. ಕೆಳಗೆ ‘ಉತ್ತರ’ ಎಂದು ಬರೆದು ಎರಡು ಗೆರೆ ಎಳೆದು, ‘ಸಹಿ ಹಾಕುವುದಿಲ್ಲ’ ಎಂದು ದುಂಡಗೆ ಬರೆದಿದ್ದರು. ಒಬ್ಬನಂತೂ ನೀರಿನ ಟ್ಯಾಂಕಿನ ಚಿತ್ರ ತೆಗೆದು ಭಾಗಗಳನ್ನು ಗುರುತಿಸಿದ್ದ.

“ಚಿತ್ರ ಚೆನ್ನಾಗಿದೆ” ಎಂದರು ಅತಿಥಿ. ನನಗೆ ನಗು ಬರಲಿಲ್ಲ. ಯಾರು ಯಾರು ತಾಸು ಕೊಡುತ್ತಾರೆ ಎಂದು ತೀರ್ಮಾನವಾಗಬೇಕಿದ್ದ ಹಾವೇರಿಯ ಪ್ರಿನ್ಸಿಪಾಲರುಗಳ ಸಭೆಗೆ ಹೆಚ್ಚು ದಿನ ಉಳಿದಿರಲಿಲ್ಲ.

ಆ ಭಾನುವಾರ ಅತಿಥಿಯನ್ನು ಹಾವೇರಿಗೆ, ನಮ್ಮ ಸೋದರಮಾವನ ಮನೆಗೆ ಊಟಕ್ಕೆ ಕರೆದೊಯ್ದೆ. ಮಾಮಾ ದನದ ಸಂತೆಯ ದಲ್ಲಾಳಿ. ದೊಡ್ಡ ದನಿ, ದೊಡ್ಡ ಮೀಸೆ, ಹೆಗಲಮೇಲೆ ಸದಾ ಒಂದು ಟವೆಲ್. ನಮ್ಮ ಗೋಳನ್ನು ಕೇಳಿ ರೊಟ್ಟಿ ಮುರಿಯುತ್ತಲೇ ನಕ್ಕುಬಿಟ್ಟ.

“ಅಲ್ಲವಾ, ಬಾಯಿಲೆ ಕೇಳಿದ್ರ ಯಾವ ಮಗಾ ಖರೇ ಹೇಳ್ತಾನ? ಕಾಗದದ ಮ್ಯಾಲೆ ಬರಿ ಅಂದ್ರ ಕೋರ್ಟು ನೆನಪಾಕ್ಕೈತಿ. ಎತ್ತಿನ ದರಾ ನಾವು ಬಾಯಿಲೆ ಕೇಳ್ತೇವೇನು? ಟವೆಲ್ ಕೆಳಗ ಕೈ ತರಬೇಕು, ಬೆರಳು ಒತ್ತಬೇಕು.”

ನಾನು ತುತ್ತು ಕೈಯಲ್ಲೇ ಹಿಡಿದು ಕುಳಿತೆ. ಚಿಕ್ಕಂದಿನಿಂದ ನೋಡಿದ್ದೇ ಅದು! ದಲ್ಲಾಳಿ ಮಾರುವವನ ಕೈಯನ್ನು ಟವೆಲ್ ಕೆಳಗೆ ಹಿಡಿಯುತ್ತಾನೆ, ಅವನು ಬೆರಳು ಒತ್ತಿ ತನ್ನ ದರ ತಿಳಿಸುತ್ತಾನೆ. ಕೊಳ್ಳುವವನದೂ ಹಾಗೇ. ಸುತ್ತ ನಿಂತ ಮಂದಿಗೆ ಕಾಣುವುದು ಅಲುಗಾಡುವ ಟವೆಲ್ ಮಾತ್ರ. ದಲ್ಲಾಳಿ ಒಬ್ಬರ ಬೆರಳನ್ನು ಇನ್ನೊಬ್ಬರಿಗೆ ಹೇಳಿದ ಎಂದರೆ ಅವನು ಮತ್ತೆ ಸಂತೆಗೆ ಕಾಲಿಡುವ ಹಾಗಿಲ್ಲ.

ಅತಿಥಿಗೆ ಇಂಗ್ಲಿಷಿನಲ್ಲಿ ವಿವರಿಸಿದೆ. ಅವರು ಊಟ ಬಿಟ್ಟು ಎದ್ದೇ ನಿಂತರು. “ತೋರಿಸಿ, ಈಗಲೇ ತೋರಿಸಿ!”

ಅಂದು ಮಧ್ಯಾಹ್ನವೇ ಪಡಸಾಲೆಯಲ್ಲಿ ಕುಳಿತು ಪಾಠ ಕಟ್ಟಿದೆವು. ಪೂರಾ ಮುಷ್ಟಿ, ಅಂದರೆ ಐದೂ ಬೆರಳು ಒತ್ತಿದರೆ ‘ಏನೇ ಆಗಲಿ, ಸಹಿ ಹಾಕುವುದಿಲ್ಲ.’ ಒಂದು ಬೆರಳಾದರೆ ‘ಸುಮ್ಮನೆ ಹಾಕಿಬಿಡುತ್ತೇನೆ.’ ಎರಡು, ಮೂರು, ನಾಲ್ಕು ಅದರ ನಡುವಿನವು, ಸಹಿಗೆ ಹಿಂಜರಿಕೆ ಹೆಚ್ಚಿದಷ್ಟೂ ಬೆರಳು ಹೆಚ್ಚು. ಮೇಜಿನ ಮರೆಯಲ್ಲಿ ಐದು ಲೋಟ. ಒಬ್ಬೊಬ್ಬರು ಎಷ್ಟು ಬೆರಳು ಒತ್ತಿದರು ಎಂದು ತಿಳಿದು ದಲ್ಲಾಳಿ ಆಯಾ ಲೋಟಕ್ಕೆ ಒಂದು ಗೋವಿನಜೋಳದ ಕಾಳು ಹಾಕಬೇಕು. ಕೊನೆಗೆ ಎಲ್ಲರೆದುರು ಕಾಳು ಎಣಿಸುವುದು.

ದಲ್ಲಾಳಿ ಯಾರಾಗಬೇಕು? ನಾನಂತೂ ಅಲ್ಲ. ಇಂಟರ್ನಲ್ ಮಾರ್ಕ್ಸ್ ಇರುವುದು ನನ್ನ ಕೈಯಲ್ಲಿ, ಅದೇ ಕೈಗೆ ಯಾವ ಹುಡುಗ ಖರೆ ಬೆರಳು ಕೊಟ್ಟಾನು? ಮಾಮಾ ತಾನೇ ಬರುತ್ತೇನೆಂದ. ಆದರೆ ತರಗತಿಯಲ್ಲಿ ಹುಡುಗಿಯರೂ ಇದ್ದಾರೆ ಅಂದಾಗ ಅವನ ಮೀಸೆ ಇಳಿಯಿತು.

“ಹೆಣ್ಣಹುಡುಗ್ಯಾರ ಕೈ ನಾ ಹಿಡೀಲ್ಯಾ? ಬ್ಯಾಡವಾ, ಅವರ ಅಪ್ಪಗೋಳು ಬಂದು ನನ್ನ ಮೀಸಿ ಬೋಳಸ್ತಾರ.”

ಹುಡುಗಿಯರಿಗೆ ಅತಿಥಿಯೇ ದಲ್ಲಾಳಿ ಎಂದು ತೀರ್ಮಾನವಾಯಿತು. ಅವರಿಗೆ ಯಾರ ಹೆಸರೂ ಗೊತ್ತಿಲ್ಲ, ಯಾರಿಗೂ ಅವರು ಮಾರ್ಕ್ಸ್ ಹಾಕುವುದಿಲ್ಲ. ಮಾಮಾ ಅವರಿಗೆ ಕೈ ಕಲಿಸತೊಡಗಿದ. ನಡುವೆ ನಾನು ದುಭಾಷಿ. “ಮಾರಿ ಮ್ಯಾಲೆ ಏನೂ ಕಾಣಬಾರ್ದು ಅಂತ ಹೇಳವಾ ಅವರಿಗೆ. ಬೆರಳು ಒತ್ತಿದ ಕೂಡ್ಲೇ ಹುಬ್ಬು ಏರಿಸ್ತಾರ ನೋಡು!” ಸೇತುವೆ ಕಟ್ಟಿಸಿದ ಆ ಹೆಂಗಸು ಹುಬ್ಬು ಏರಿಸದಿರಲು ಕಲಿಯುವಷ್ಟರಲ್ಲಿ ಅತ್ತೆ ಎರಡು ಸಲ ಚಹಾ ಮಾಡಿದ್ದಳು.

ಮಾರನೆಯ ದಿನ ನಮ್ಮ ತರಗತಿಗೆ ಮಾಮಾ ಒಗೆದ ಧೋತರ ಉಟ್ಟು ಬಂದ. ಅದೇ ಟ್ಯಾಂಕು, ಅದೇ ಪ್ರಶ್ನೆ. ಹುಡುಗರು ಕಿಸಿಕಿಸಿ ನಕ್ಕರು, ಆದರೆ ಒಬ್ಬರೂ ಬೆಂಚು ಬಿಟ್ಟು ಏಳಲಿಲ್ಲ. ಆಮೇಲೆ ಏನೋ ಹೊಳೆದು ನಾನೇ ಹೋಗಿ ಅತಿಥಿಯ ಟವೆಲ್ ಕೆಳಗೆ ಕೈ ಇಟ್ಟೆ. ಮೇಡಂ ಕೂಡ ಬೆರಳು ಕೊಡುತ್ತಾರೆ ಎಂದ ಮೇಲೆ ಸಾಲು ತಾನಾಗಿಯೇ ಹುಟ್ಟಿತು.

ಕಾಳು ಎಣಿಸಿ ಬೋರ್ಡಿನ ಮೇಲೆ ಬರೆದೆ. ಐದರ ಲೋಟದಲ್ಲಿ ಬೆರಳೆಣಿಕೆಯಷ್ಟು ಕಾಳು. ಒಂದು ಮತ್ತು ಎರಡರ ಲೋಟಗಳಲ್ಲಿ ಹಿಡಿತುಂಬ! ಮೊನ್ನೆ ಒಂದೇ ಉಸುರಿಗೆ ಕೂಗಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಎದ್ದ. “ಮೇಡಂ, ಆ ಒಂದು ಬೆರಳು ಒತ್ತಿದಾವ ಯಾರರ ಇರ್ಲಿ, ಅವಂಗ ಮನ್ಯಾಗ ತಂಗೀ ಮದುವಿ ಇರಬೇಕ್ರಿ. ನೌಕರಿ ಹೋದ್ರ ಏನ್ ಮಾಡ್ತಾನ?”

“ಟ್ಯಾಂಕ್ ಬಿದ್ರ ಕೆಳಗ ನೀರು ತುಂಬಾಕ ಬಂದಾಕೀನೂ ಯಾರದರ ತಂಗೀನ ಅಲ್ಲೇನು?” ಮುಂದಿನ ಸಾಲಿನ ಹುಡುಗಿ ತಿರುಗಿಬಿದ್ದಳು.

ಮುಗಿಯಿತು! ಕಟ್ಟೆ ಒಡೆದ ಹಾಗಾಯಿತು. ಸಹಿ ಹಾಕದೆ, ನೌಕರಿಯನ್ನೂ ಕಳೆದುಕೊಳ್ಳದೆ ಏನು ಮಾಡಬಹುದು? ಇನ್ನೊಮ್ಮೆ ಪರೀಕ್ಷೆ ಕೇಳಬಹುದೆ? ಕಂಬಕ್ಕೇ ತೂತು ಕೊರೆದು ತುಣುಕು ತೆಗೆದು ನೋಡಬಹುದೆ? ಒಬ್ಬನೇ ಹೇಳುವ ಬದಲು ನಾಲ್ಕು ಜನ ಕೂಡಿ ಬರೆದು ಕೊಟ್ಟರೆ? ಯಾರ ಬೆರಳು ಎಂದು ತಿಳಿಯದ್ದರಿಂದ ಎಲ್ಲರೂ ‘ಆ ಒಂದು ಬೆರಳಿನಾವ’ನ ಪರವಾಗಿ, ವಿರೋಧವಾಗಿ ಕೂಗಾಡಿದರು. ಗಂಟೆ ಹೊಡೆದರೂ ಏಳಲಿಲ್ಲ. ಅತಿಥಿ ಒಂದಕ್ಷರ ಅರ್ಥವಾಗದಿದ್ದರೂ ಕಣ್ಣಲ್ಲಿ ನೀರು ತುಂಬಿಕೊಂಡು ನಗುತ್ತಿದ್ದರು. ನನಗಂತೂ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಹಿಂದೆ ಕೂತಿದ್ದ ಪ್ರಿನ್ಸಿಪಾಲರು ಈ ಸಲ ಗಡಿಯಾರ ನೋಡಲಿಲ್ಲ. ಆದರೆ ಹೋಗುವಾಗ “ಎಲ್ಲಾ ಛಲೋ ಐತಿ. ಸಿಲಬಸ್ ಮುಗ್ಯಾಂಗಿಲ್ಲ” ಎಂದೇ ಹೋದರು.

ಹಾವೇರಿಯ ಸಭೆಗೆ ಸುತ್ತಿನ ತಾಂತ್ರಿಕ ಕಾಲೇಜು, ತರಬೇತಿ ಕೇಂದ್ರಗಳ ಹತ್ತಾರು ಪ್ರಿನ್ಸಿಪಾಲರು ಬಂದಿದ್ದರು. ಅಧ್ಯಕ್ಷತೆ ಒಬ್ಬ ನಿವೃತ್ತ ಎಂಜಿನಿಯರ್ ಸಾಹೇಬರದು. ಮಾಮಾನ ಟವೆಲ್ ನೋಡಿ ಅವರು, “ಇದೇನ್ರೀ, ಶಿಕ್ಷಣಾನ ದನದ ಸಂತಿಗೆ ತಂದ್ರಲ್ಲಾ” ಎಂದರು.

ಮಾಮಾ ಬಿಡುತ್ತಾನೆಯೆ? “ಸಾಹೇಬ್ರ, ಸಂತ್ಯಾಗ ದನಾ ಮಾತ್ರ ಮಾರ್ತೇವ್ರಿ, ಸಹಿ ಮಾರಂಗಿಲ್ರಿ.” ಸಭೆ ಹೋ ಎಂದು ನಕ್ಕಿತು, ಸಾಹೇಬರೂ ನಕ್ಕರು.

ಅವರೆದುರು ಪಾಠದ ಪರಿಯನ್ನು ವಿವರಿಸಿ, ನಮ್ಮ ತರಗತಿಯಲ್ಲಿ ನಡೆದದ್ದನ್ನು ಹೇಳಿದೆವು. ಎಲ್ಲರೂ ತಲೆದೂಗಿದರು. ಆಗ ಅಧ್ಯಕ್ಷರು ಎದ್ದು, “ಈ ಪಾಠಕ್ಕ ವಾರಕ್ಕೊಂದು ತಾಸು ಕೊಡಾಕ ಯಾರ್ಯಾರು ಒಪ್ತೀರಿ, ಕೈ ಎತ್ರಿ. ಊಟ ತಯಾರೈತಿ” ಎಂದರು.

ಎಲ್ಲಾ ಕೈಗಳೂ ಮೇಲಕ್ಕೆದ್ದವು. ಒಂದೇ ಉಸುರಿಗೆ.

ಗೆದ್ದಿದ್ದೆವು. ಮೂರು ಬೇಕಾಗಿತ್ತು, ಇಡೀ ಸಭೆಯೇ ಸಿಕ್ಕಿತ್ತು. ಆದರೆ ಆ ಎತ್ತಿದ ಕೈಗಳನ್ನು ನೋಡುತ್ತಾ ನನ್ನ ಕಿವಿಯಲ್ಲಿ ರಾಣೇಬೆನ್ನೂರಿನ ಮೊದಲ ಪಾಠದ “ಹಾಕಂಗಿಲ್ರಿ” ಮೊಳಗಿತು. ಊಟಕ್ಕೆ ಎದ್ದ ಕೈ ಯಾವುದು, ಪಾಠಕ್ಕೆ ಎದ್ದ ಕೈ ಯಾವುದು? ಅತಿಥಿಯ ಕಿವಿಯಲ್ಲಿ ಹೇಳಿದೆ: “ಇದನ್ನೂ ಟವೆಲ್ ಕೆಳಗೇ ಕೇಳೋಣವೆ? ಕೆಡಬಹುದು.” ಅವರು ಎತ್ತಿದ ಕೈಗಳನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಅವರ ಯೋಜನೆಯೂ ಆ ಕೈಗಳ ಮೇಲೆಯೇ ನಿಂತಿತ್ತಲ್ಲ. ಆಮೇಲೆ ನಿಧಾನವಾಗಿ, “ಕೇಳದಿದ್ದರೆ ನಾವು ಇದನ್ನು ಹೇಗೆ ಕಲಿಸುವುದು?” ಎಂದರು.

ನಾನು ಎದ್ದು ನಿಂತು ಹೇಳಿದೆ. ಐದು ಬೆರಳು ಒತ್ತಿದರೆ ಬರುವ ಸೋಮವಾರದಿಂದಲೇ ತಾಸು ಕೊಡುತ್ತೇನೆ ಎಂದು ಅರ್ಥ. ಒಂದಾದರೆ ಕೊಡಲಾಗದು. ಅಧ್ಯಕ್ಷರು ಹಣೆ ಗಂಟಿಕ್ಕಿದರು, ಆದರೂ ಪ್ರಿನ್ಸಿಪಾಲರುಗಳು ಒಬ್ಬೊಬ್ಬರೇ ಮಾಮಾನ ಮುಂದೆ ಬಂದು ಕೈ ಕೊಟ್ಟು ಹೋದರು.

ಎಣಿಸಿದೆವು. ಒಂದರ ಲೋಟದಲ್ಲೇ ಕಾಳು ತುಂಬಿದ್ದವು. ಐದರ ಲೋಟವನ್ನು ಅಂಗೈಗೆ ಸುರಿದುಕೊಂಡೆ. ಮೂರೇ ಮೂರು.

“ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ ನೋಡಮ್ಮ” ಎಂದರು ಅಧ್ಯಕ್ಷರು, ಮರುಕದಿಂದಲೇ. ಆದರೆ ಅತಿಥಿ ಹಿಗ್ಗಿಹೋಗಿದ್ದರು. “ಮೂರು ಸಾಕು! ಯಾವ ಮೂರು ಕಾಲೇಜು?”

ಅಲ್ಲಿಯೇ ಸಿಕ್ಕಿಬಿದ್ದೆವು. ಅದು ಗೊತ್ತಿದ್ದದ್ದು ಮಾಮಾ ಒಬ್ಬನಿಗೇ. ಇಬ್ಬರೂ ಅವನತ್ತ ತಿರುಗಿದೆವು.

“ಅದು ನಡಿಯಂಗಿಲ್ಲವಾ” ಎಂದು ಅವನು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. “ಟವೆಲ್ ಕೆಳಗಿಂದು ಟವೆಲ್ ಕೆಳಗ. ಬೆರಳು ಒತ್ತಿದಾವ ಖರೇ ಗಿರಾಕಿ ಆಗಿದ್ರ ತಾನ ಬಂದು ಹಗ್ಗಾ ಹಿಡೀತಾನ.”

ಊಟದಲ್ಲಿ ಬದನೆಕಾಯಿ ಎಣ್ಣೆಗಾಯಿ ಇತ್ತಂತೆ. ನನಗೆ ಏನೂ ರುಚಿಸಲಿಲ್ಲ. ಕೈ ತೊಳೆಯುವ ಜಾಗದಲ್ಲಿ ಬ್ಯಾಡಗಿ ಕೇಂದ್ರದ ಮುಖ್ಯಸ್ಥರು ಹತ್ತಿರ ಬಂದು, “ಒಂದು ನಂದ್ರಿ. ನಮ್ಮ ಹುಡುಗರು ನಂಬರ್ ಬರೀದಂಗ ಒಂದು ಚೀಟಿ ಬರ್ಯೂದಾದ್ರೂ ಕಲೀಲಿ” ಎಂದರು. ನನಗೆ ಕುಣಿಯುವಂತಾಯಿತು. ಅಡಿಕೆ ಎಲೆ ಹಾಕಿಕೊಳ್ಳುವಾಗ ಹುಬ್ಬಳ್ಳಿ ಕಡೆಯ ಕಾಲೇಜಿನವರು ಬಂದು ಎರಡನೆಯದನ್ನು ಒಪ್ಪಿಕೊಂಡರು. ಮೂರನೆಯವರು? ಜನ ಒಬ್ಬೊಬ್ಬರಾಗಿ ಚದುರಿದರು, ಅಧ್ಯಕ್ಷರ ಕಾರೂ ಹೋಯಿತು. ಬಾಗಿಲ ಹತ್ತಿರ ನಿಂತು ಪ್ರತಿಯೊಬ್ಬರ ಮುಖ ನೋಡಿದೆ. ಯಾರೂ ನಿಲ್ಲಲಿಲ್ಲ.

ರಾಣೇಬೆನ್ನೂರಿಗೆ ಹೊರಟ ಜೀಪಿನಲ್ಲಿ ನಮ್ಮ ಪ್ರಿನ್ಸಿಪಾಲರು ಮುಂದೆ, ಅತಿಥಿ ಮತ್ತು ನಾನು ಹಿಂದೆ. ಎರಡೇ ಕಾಲೇಜಾದರೆ ಯೋಜನೆ ಮುಂದೆ ಸಾಗುವುದಿಲ್ಲ. ಎತ್ತಿದ ಕೈಗಳನ್ನು ಸುಮ್ಮನೆ ಒಪ್ಪಿಕೊಂಡಿದ್ದರೆ ಎಂದು ಮನಸ್ಸು ಹೊಯ್ದಾಡಿತು. ನನ್ನ ಮೇಲೇ ನನಗೆ ಸಿಟ್ಟು ಬಂತು, ಅಳುವೂ ಬಂತು.

ಸೋಮವಾರ ಅತಿಥಿಯ ಕೊನೆಯ ದಿನ. ಬೀಳ್ಕೊಡಲೆಂದು ಅವರನ್ನು ಕಾಲೇಜಿಗೆ ಕರೆತಂದಾಗ ನೋಟಿಸ್ ಬೋರ್ಡಿನ ಮುಂದೆ ಕೊನೆಯ ವರ್ಷದ ಹುಡುಗರ ಗುಂಪು. ಸರಿಸಿ ನೋಡಿದೆ. ಹಳೆಯ ವೇಳಾಪಟ್ಟಿಯೇ. ಅದರಲ್ಲಿ ಶುಕ್ರವಾರದ ಒಂದು ಎಸ್ಟಿಮೇಟಿಂಗ್ ತಾಸನ್ನು ಸ್ಕೇಲ್ ಇಟ್ಟು ನೇರವಾಗಿ ಹೊಡೆದುಹಾಕಿ, ಪ್ರಿನ್ಸಿಪಾಲರು ತಮ್ಮ ಮುತ್ತಿನಂಥ ಅಕ್ಷರದಲ್ಲಿ ‘ಎಂಜಿನಿಯರನ ನೀತಿ’ ಎಂದು ಬರೆದು, ಪಕ್ಕದಲ್ಲಿ ಸಹಿ ಮಾಡಿದ್ದರು. ಹೊಡೆದುಹಾಕಿದ್ದು ಅವರದೇ ಪೀರಿಯಡ್ಡು. ಬೇರೆಯವರ ತಾಸು ಕಿತ್ತುಕೊಂಡಿರಲಿಲ್ಲ.

ಓಡಿಹೋಗಿ ಅವರ ಕೋಣೆಯ ಬಾಗಿಲಲ್ಲಿ ನಿಂತೆ. “ಸರ್, ಮೂರನೇ ಕಾಳು…”

“ಟವೆಲ್ ಕೆಳಗಿಂದು ಕೇಳಬಾರ್ದವಾ” ಎಂದರು ಫೈಲಿನಿಂದ ತಲೆ ಎತ್ತದೆ. “ಸಿಲಬಸ್ ನಾ ಹೆಂಗರ ಮುಗಸ್ತೇನಿ. ಹೋಗು, ಅವರಿಗೆ ರೈಲಿಗೆ ತಡಾ ಆಕ್ಕೈತಿ.”

ಹೊರಗೆ ಬಂದು ಅತಿಥಿಗೆ ಬೋರ್ಡ್ ಓದಿ ಹೇಳಿದೆ. ಹುಡುಗರೆಲ್ಲ ನೋಡುತ್ತಿದ್ದಂತೆ ಅವರು ವರಾಂಡದ ನಡುವೆ ನನ್ನ ಬಲಗೈ ಹಿಡಿದು, ಮಾಮಾ ಕಲಿಸಿದ ಹಾಗೇ ಒತ್ತಿದರು. ಹುಬ್ಬು ಮಾತ್ರ ಏರಿಯೇ ಇತ್ತು. ಮೇಲೆ ಟವೆಲ್ ಇರಲಿಲ್ಲ. ಐದೂ ಬೆರಳು ಎಲ್ಲರಿಗೂ ಕಾಣುತ್ತಿದ್ದವು.